ನಿಮಗಿದು ಗೊತ್ತೇ? ಕುದುರೆಗೆ ಕಾಯಿಲೆಯಿಲ್ಲ, ಲದ್ದಿಯಲ್ಲಿದೆ ಮದ್ದಿಗೆ ಜಗ್ಗದ ಜೀವಿ

ಮೈ ಮಿಂಚುವ ಕುದುರೆ. ಕಣಿಕೆ ಹಾಕಿದರೆ ಕಣಿಕೆ, ಹುರಳಿ ಇಟ್ಟರೆ ಹುರಳಿ, ಒಂದು ಕಾಳೂ ಬಿಡುವುದಿಲ್ಲ. ಜ್ವರವಿಲ್ಲ, ಭೇದಿಯಿಲ್ಲ, ಹೊಟ್ಟೆಶೂಲೆಯಿಲ್ಲ. ಇಂಥ ಕುದುರೆಯ ಲದ್ದಿಯಲ್ಲೂ ಆಂಟಿಬಯೋಟಿಕ್‌ಗೆ ಸಾಯದ ಬ್ಯಾಕ್ಟೀರಿಯಾ ಇರಬಲ್ಲದು. ನಿಮಗಿದು ಗೊತ್ತೇ?

ಅಪರೂಪಕ್ಕೆ ಎಲ್ಲೋ ಒಂದು ಕುದುರೆಯ ಮಾತಲ್ಲ ಇದು. ಬ್ರಿಟನ್ನಿನ ಉದ್ದಗಲಕ್ಕೂ ಲಾಯಗಳಲ್ಲಿ ಸಾಕಿದ್ದ ಕುದುರೆಗಳ ಲದ್ದಿ ತರಿಸಿ ಪರೀಕ್ಷಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಹತ್ತರಲ್ಲಿ ಸುಮಾರು ಏಳು ಕುದುರೆಗಳ ಲದ್ದಿಯಲ್ಲಿ ಒಂದಲ್ಲ ಒಂದು ಆಂಟಿಬಯೋಟಿಕ್‌ಗೆ ಜಗ್ಗದ ಇ. ಕೋಲೈ ಸಿಕ್ಕಿತು. ನೂರಕ್ಕೆ ಆರರಷ್ಟು ಕುದುರೆಗಳಲ್ಲಿ ಇನ್ನೂ ಗಟ್ಟಿಯಾದ, ಇಎಸ್‌ಬಿಎಲ್ ಎಂಬ ಕಿಣ್ವ ತಯಾರಿಸುವ ತಳಿಗಳಿದ್ದವು. ಪೆನಿಸಿಲಿನ್ ಗುಂಪಿನ ಔಷಧಗಳನ್ನಷ್ಟೇ ಅಲ್ಲ, ದೊಡ್ಡಾಸ್ಪತ್ರೆಗಳಲ್ಲಿ ಮನುಷ್ಯರಿಗೆ ಕೊಡುವ ಸೆಫೊಟಾಕ್ಸಿಮ್, ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್‌ಗಳನ್ನೂ ಈ ಕಿಣ್ವ ತುಂಡರಿಸಿ ಹಾಕುತ್ತದೆ.

ಇ. ಕೋಲೈ ಎಂದೊಡನೆ ಹೆದರಬೇಕಿಲ್ಲ. ಜರ್ಮನ್ ಮಕ್ಕಳ ವೈದ್ಯ ಥಿಯೋಡರ್ ಎಶೆರಿಕ್ 1885ರಲ್ಲಿ ಇದನ್ನು ಗುರುತಿಸಿದ್ದು ಶಿಶುಗಳ ಮಲದಲ್ಲಿ. ನಿಮ್ಮ ಕರುಳಲ್ಲೂ ಇದೆ, ನನ್ನದರಲ್ಲೂ ಇದೆ, ಎತ್ತು, ಎಮ್ಮೆ, ಕುರಿ, ಕೋಳಿ, ಕುದುರೆ ಎಲ್ಲದರಲ್ಲೂ ಇದೆ. ಬಹುತೇಕ ತಳಿಗಳು ತಮ್ಮ ಪಾಡಿಗೆ ತಾವಿರುತ್ತವೆ. ಎಲ್ಲೆಡೆ ಇರುವುದರಿಂದ, ಸುಲಭವಾಗಿ ಬೆಳೆಸಬಹುದಾದ್ದರಿಂದಲೇ ವಿಜ್ಞಾನಿಗಳು ಇದನ್ನು ಸೂಚಕವಾಗಿ ಆರಿಸಿಕೊಂಡಿದ್ದಾರೆ. ಒಂದು ಊರಿನ ಪ್ರಾಣಿಗಳ ಇ. ಕೋಲೈ ಯಾವ ಯಾವ ಮದ್ದಿಗೆ ಸಾಯುವುದಿಲ್ಲ ಎಂದು ನೋಡಿದರೆ ಆ ಊರಲ್ಲಿ ಯಾವ ಮದ್ದು ಎಷ್ಟು ಬಳಕೆಯಾಗಿದೆ ಎಂಬುದರ ಜಾಡು ಸಿಗುತ್ತದೆ.

ಅಪಾಯ ಬರುವುದು ಆಮೇಲೆ. ಕರುಳಲ್ಲಿ ಸುಮ್ಮನಿದ್ದ ಅದೇ ಜೀವಿ ಗಾಯಕ್ಕೆ, ಹೊಕ್ಕುಳಿಗೆ, ಗರ್ಭಕೋಶಕ್ಕೆ, ರಕ್ತಕ್ಕೆ ಇಳಿದಾಗ ಹಾಕಿದ ಇಂಜೆಕ್ಷನ್ ನಾಟುವುದಿಲ್ಲ. ಆಗಷ್ಟೇ ಹುಟ್ಟಿದ ಮರಿಗೆ ರಕ್ತ ನಂಜಾದರೆ ಸರಿಯಾದ ಔಷಧ ಹುಡುಕಲು ವೈದ್ಯರಿಗೆ ಸಿಗುವುದು ಕೆಲವೇ ಗಂಟೆಗಳು.

ತಾಂಬಾ ಕಡೆಯ ಕುದುರೆಗಳು

ಕುದುರೆ ಎಂದರೆ ಬೆಂಗಳೂರು, ಮೈಸೂರಿನ ರೇಸ್ ಕೋರ್ಸು, ಟಿಪ್ಪು ಕಾಲದಿಂದ ಹೆಸರಾದ ಕುಣಿಗಲ್ ಸ್ಟಡ್ ಫಾರ್ಮು ಎಂದುಕೊಳ್ಳುವವರು ವಿಜಯಪುರ ಜಿಲ್ಲೆಗೆ ಬಂದು ನೋಡಬೇಕು. ಇಂಡಿ ತಾಲ್ಲೂಕಿನ ತಾಂಬಾ ಕಡೆಯಾಗಲಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಾಗಲಿ, ಜೋಳದ ರಾಶಿ ಮುಗಿದ ಮೇಲೆ ಕುರಿಗಾರರ ಹಿಂಡು ಎದುರಾದರೆ ಅದರ ಜೊತೆಗೊಂದು ಗಿಡ್ಡ ಕುದುರೆ ಇದ್ದೇ ಇರುತ್ತದೆ. ಬಲೆ, ಗೂಟ, ಕಂಬಳಿ, ಪಾತ್ರೆ ಪಗಡೆ, ಹಿಟ್ಟಿನ ಚೀಲ, ಕಾಲು ಕಟ್ಟಿದ ಕೋಳಿ, ಈಗಷ್ಟೇ ಈದ ಕುರಿಮರಿ ಎಲ್ಲ ಅದರ ಬೆನ್ನ ಮೇಲೆ. ಆ ಮನೆಯೇ ಕುದುರೆ ಮೇಲೆ ನಡೆಯುತ್ತದೆ.

ಇದಲ್ಲದೆ ಗೋಳಗುಮ್ಮಟ ನೋಡಲು ಬಂದವರನ್ನು ಹತ್ತಿಸಿಕೊಳ್ಳುವ ವಿಜಯಪುರದ ಟಾಂಗಾ ಕುದುರೆಗಳು. ಜಾತ್ರೆ, ಉರುಸು ಬಂದರೆ ಗಾಡಿ ಶರ್ಯತ್ತಿಗೆಂದೇ ಸಾಕಿದ ಕುದುರೆಗಳು. ಮದುವೆ ಮೆರವಣಿಗೆಯ ಬಿಳಿ ಕುದುರೆ. ಇವುಗಳಲ್ಲಿ ಬಹುತೇಕ ಕುದುರೆಗಳಿಗೆ ಪ್ರತ್ಯೇಕ ಲಾಯವಿಲ್ಲ. ದನದ ಪಕ್ಕದಲ್ಲೇ ಗೂಟ, ಅದೇ ತೊಟ್ಟಿಯ ನೀರು, ಅದೇ ತಿಪ್ಪೆಗೆ ಲದ್ದಿ, ಮೈ ತಿಕ್ಕುವುದೂ ಹಾಲು ಹಿಂಡುವುದೂ ಅದೇ ಕೈ. ಬ್ಯಾಕ್ಟೀರಿಯಾಕ್ಕೆ ಒಂದರಿಂದ ಇನ್ನೊಂದಕ್ಕೆ ಹೋಗಲು ಇಷ್ಟು ದಾರಿ ಸಾಕು.

ಈ ನೆಲಕ್ಕೂ ಕುದುರೆಗೂ ಹಳೆಯ ನಂಟು. ವಿಜಯಪುರವನ್ನು, ಅಂದರೆ ಆಗಿನ ಬಿಜಾಪುರವನ್ನು, ಆಳುತ್ತಿದ್ದ ಆದಿಲ್‌ಶಾಹಿಗಳಿಗೆ ಅರಬ್, ಪರ್ಷಿಯಾ ಕಡೆಯ ಕುದುರೆಗಳು ಹಡಗಿನಲ್ಲಿ ಗೋವೆಗೆ ಬಂದಿಳಿಯುತ್ತಿದ್ದವು. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಕಿತ್ತುಕೊಂಡಾಗ ಬಿಜಾಪುರ ಕಳೆದುಕೊಂಡದ್ದು ಬಂದರನ್ನಷ್ಟೇ ಅಲ್ಲ, ಕುದುರೆ ವ್ಯಾಪಾರದ ಹಿಡಿತವನ್ನೂ.

ಈಗ ದೇಶದಲ್ಲಿ ಕುದುರೆಗಳೇ ಕರಗುತ್ತಿವೆ. 2012ರ ಜಾನುವಾರು ಗಣತಿಯಲ್ಲಿ ಕುದುರೆ, ತಟ್ಟುಗಳು 6.25 ಲಕ್ಷ ಇದ್ದವು. 2019ರ ಇಪ್ಪತ್ತನೇ ಗಣತಿಗೆ ಬರುವಷ್ಟರಲ್ಲಿ ಸುಮಾರು 3.4 ಲಕ್ಷ. ಕತ್ತೆಗಳ ಇಳಿತ ಇನ್ನೂ ಜಾಸ್ತಿ, ನೂರಕ್ಕೆ ಅರವತ್ತೊಂದರಷ್ಟು.

ಹೊಟ್ಟೆಯೊಳಗಿನ ಲೆಕ್ಕ

ದನ ಮೇವನ್ನು ಹೊಟ್ಟೆಯ ಮುಂಭಾಗದಲ್ಲಿ ಕೊಳೆಸಿ ಅರಗಿಸಿಕೊಂಡರೆ ಕುದುರೆಯ ಏರ್ಪಾಡು ಹಿಂದುಮುಂದು. ಅದರ ಜಠರ ಚಿಕ್ಕದು, 8ರಿಂದ 15 ಲೀಟರ್. ಸಣ್ಣ ಕರುಳು ಸುಮಾರು 20 ಮೀಟರ್. ನಿಜವಾದ ಕೆಲಸ ನಡೆಯುವುದು ಅದರಾಚೆ, ಸುಮಾರು 30 ಲೀಟರ್ ಹಿಡಿಯುವ ಸೀಕಮ್ ಎಂಬ ಚೀಲದಲ್ಲಿ, ಅದಕ್ಕಿಂತ ದೊಡ್ಡದಾದ ದೊಡ್ಡ ಕರುಳಿನಲ್ಲಿ. ಅಲ್ಲಿನ ಕೋಟ್ಯಂತರ ಸೂಕ್ಷ್ಮಜೀವಿಗಳು ಕಣಿಕೆಯ ನಾರನ್ನು ಹುದುಗಿಸಿ ಕೊಬ್ಬಿನಾಮ್ಲಗಳನ್ನಾಗಿ ಮಾಡುತ್ತವೆ. ಕುದುರೆಗೆ ಬೇಕಾದ ಶಕ್ತಿಯ ದೊಡ್ಡ ಪಾಲು ಬರುವುದು ಅಲ್ಲಿಂದಲೇ. ಆ ಗುಂಪಿನಲ್ಲಿ ಇ. ಕೋಲೈಯದು ಬಲು ಸಣ್ಣ ಪಾಲು.

 

ಈ ಜೀವಿಗಳು ಹೊರಬರುವುದು ಲದ್ದಿಯ ಜೊತೆಗೆ. ದೊಡ್ಡ ಕುದುರೆ ದಿನಕ್ಕೆ 15ರಿಂದ 20 ಕಿಲೋ ಲದ್ದಿ ಹಾಕುತ್ತದೆ.

ಹುಟ್ಟಿದ ಮೊದಲ ವಾರಗಳಲ್ಲಿ ಕುದುರೆಮರಿ ತಾಯಿಯ ಲದ್ದಿ ತಿನ್ನುತ್ತದೆ. ನೋಡಿದವರು ಹೇಸಿ ಓಡಿಸುತ್ತಾರೆ. ಓಡಿಸಬೇಡಿ, ಅದು ರೋಗವಲ್ಲ. ಮೇವು ಅರಗಿಸುವ ಜೀವಿಗಳು ಬರಿದಾದ ಮರಿಯ ಕರುಳಿಗೆ ಸೇರುವ ದಾರಿಗಳಲ್ಲಿ ಅದೂ ಒಂದು. ಆದರೆ ತಾಯಿಯ ಕರುಳಲ್ಲಿ ಮದ್ದಿಗೆ ಜಗ್ಗದವು ಇದ್ದರೆ ಅವೂ ಅದೇ ತುತ್ತಿನಲ್ಲಿ ಇಳಿಯುತ್ತವೆ. ಒಂದೂ ಇಂಜೆಕ್ಷನ್ ಕಾಣದ ಮರಿಯ ಲದ್ದಿಯಲ್ಲಿ ಇವು ಸಿಗುವುದಕ್ಕೆ ಇದೂ ಕಾರಣ.

ಇದೇ ದಾರಿ ತಿರುವುಮುರುವಾದರೆ ಏನಾಗುತ್ತದೆ ಎಂಬುದಕ್ಕೆ ಸ್ವೀಡನ್ನಿನಿಂದ 1998ರಲ್ಲಿ ಒಂದು ವರದಿ ಬಂತು. ಓದಿದಾಗ ನನಗೆ ಎದೆ ಝಲ್ಲೆಂದಿತು. ಪುಪ್ಪುಸದ ಸೋಂಕಾದ ಮರಿಗಳಿಗೆ ಬಾಯಿಯ ಮೂಲಕ ಎರಿಥ್ರೋಮೈಸಿನ್ ಮತ್ತು ರಿಫಾಂಪಿಸಿನ್ ಕೊಡುತ್ತಿದ್ದರು. ಮರಿಗಳು ಆ ಮದ್ದನ್ನು ತಡೆದುಕೊಂಡವು. ಕಾಯಿಲೆ ಬಿದ್ದದ್ದು ಮದ್ದೇ ತೆಗೆದುಕೊಳ್ಳದ ತಾಯಂದಿರು. ಭಾರಿ ಭೇದಿ, ಕರುಳಿನ ಉರಿಯೂತ, ಸಾವು. ಮರಿಯ ಮೈ ನೆಕ್ಕುವಾಗಲೋ, ಮೇವಿಗೆ ಹತ್ತಿದ ಮರಿಯ ಲದ್ದಿಯಿಂದಲೋ ಎರಿಥ್ರೋಮೈಸಿನ್‌ನ ತೀರಾ ಸಣ್ಣ ಅಂಶ ತಾಯಿಯ ಹೊಟ್ಟೆ ಸೇರಿತ್ತು. ಅಷ್ಟಕ್ಕೇ ಕರುಳಿನ ಒಳ್ಳೆಯ ಜೀವಿಗಳು ಏರುಪೇರಾಗಿ, ಕ್ಲಾಸ್ಟ್ರಿಡಿಯಂ ಡಿಫಿಸೀಲ್ ಎಂಬ ದುಷ್ಟ ಬ್ಯಾಕ್ಟೀರಿಯಾ ಮೇಲುಗೈ ಪಡೆದಿತ್ತು.

ಲಿಂಕೋಮೈಸಿನ್, ಕ್ಲಿಂಡಾಮೈಸಿನ್ ಔಷಧಗಳನ್ನು ದೊಡ್ಡ ಕುದುರೆಗೆ ಕೊಡಲೇಬಾರದು. ಮನುಷ್ಯರಿಗೆ, ಹಂದಿಗೆ ನಡೆಯುವ ಈ ಮದ್ದು ಕುದುರೆಯ ಪ್ರಾಣ ತೆಗೆಯಬಲ್ಲದು. ದನಕ್ಕೆಂದು ತಂದು ಉಳಿದ ಬಾಟಲಿಯನ್ನು ಕುದುರೆಗೂ ಹಾಕಿಬಿಡೋಣ ಎನ್ನುವ ಲೆಕ್ಕ ನಡೆಯುವುದಿಲ್ಲ.

ಇನ್ನೊಂದು ಎಚ್ಚರ, ಕೋಳಿ ಸಾಕುವ ಮನೆಗಳಿಗೆ. ಕೋಳಿ ಆಹಾರಕ್ಕೆ ರಕ್ತಭೇದಿ ತಡೆಯಲು ಮೊನೆನ್ಸಿನ್ ಎಂಬ ಪದಾರ್ಥ ಬೆರೆಸುವುದುಂಟು. ದೇಹದ ಪ್ರತಿ ಕಿಲೋ ತೂಕಕ್ಕೆ 200 ಮಿಲಿಗ್ರಾಂನಷ್ಟಾದಾಗ ಅದು ಕೋಳಿಯನ್ನು ಕೊಲ್ಲುವ ಮಟ್ಟ ಮುಟ್ಟುತ್ತದೆ. ಕುದುರೆಗೆ 2ರಿಂದ 3 ಮಿಲಿಗ್ರಾಂ ಸಾಕು. ಹೃದಯದ ಸ್ನಾಯುವೇ ಕೆಡುತ್ತದೆ, ಇದಕ್ಕೆ ಪ್ರತಿಮದ್ದಿಲ್ಲ. ಕೋಳಿ ಆಹಾರದ ಚೀಲದ ಬಾಯಿ ಕಟ್ಟಿ ಕುದುರೆಯ ಬಾಯಿಗೆ ಎಟುಕದಂತೆ ಇಡಿ. ದನದ ಹಿಂಡಿ, ಫೀಡು ಕೊಡುವ ಮೊದಲೂ ಚೀಲದ ಮೇಲಿನ ಚೀಟಿ ಓದಿಸಿ ನೋಡಿ.

ಮದ್ದು ಕಾಣದ ಕುದುರೆಗೆ ಮದ್ದಿಗೆ ಜಗ್ಗದ ಜೀವಿ ಬಂದದ್ದೆಲ್ಲಿಂದ?

ಬ್ಯಾಕ್ಟೀರಿಯಾಗಳು ತಮ್ಮ ವಿದ್ಯೆಯನ್ನು ಮಕ್ಕಳಿಗೆ ಮಾತ್ರ ಬಿಟ್ಟುಹೋಗುವುದಿಲ್ಲ, ನೆರೆಯವರಿಗೆ ಕೈಗಡ ಕೊಟ್ಟಂತೆ ಕೊಟ್ಟೂ ಬಿಡುತ್ತವೆ. ಎರಡು ಬ್ಯಾಕ್ಟೀರಿಯಾ ಅಂಟಿಕೊಂಡು ಡಿಎನ್ಎ ದಾಟಿಸಬಲ್ಲವು ಎಂದು 1946ರಲ್ಲಿ ತೋರಿಸಿದವರು ಜೋಶುವಾ ಲೆಡರ್‌ಬರ್ಗ್ ಮತ್ತು ಎಡ್ವರ್ಡ್ ಟೇಟಮ್. ಲೆಡರ್‌ಬರ್ಗರಿಗೆ ಆಗ ಇಪ್ಪತ್ತೊಂದರ ಪ್ರಾಯ. 1959ರ ಹೊತ್ತಿಗೆ ಜಪಾನಿನ ವಿಜ್ಞಾನಿಗಳು ರಕ್ತಭೇದಿ ತರುವ ಶಿಗೆಲ್ಲಾದಲ್ಲಿ ಇನ್ನೂ ಕಳವಳದ ಸಂಗತಿ ಕಂಡರು. ಹಲವು ಔಷಧಗಳನ್ನು ಎದುರಿಸುವ ಶಕ್ತಿ ಒಟ್ಟೊಟ್ಟಿಗೆ, ಒಂದೇ ಗಂಟಾಗಿ, ಇ. ಕೋಲೈಯಿಂದ ಶಿಗೆಲ್ಲಾಗೆ ದಾಟುತ್ತಿತ್ತು. ಪ್ಲಾಸ್ಮಿಡ್ ಎಂಬ ಡಿಎನ್ಎ ಉಂಗುರದ ಕೆಲಸ ಅದು.

ಹಾಗಾಗಿ ಟೆಟ್ರಾಸೈಕ್ಲಿನ್ ಕಂಡ ಪ್ರಾಣಿಯ ಕರುಳಲ್ಲಿ ಟೆಟ್ರಾಸೈಕ್ಲಿನ್ ಒಂದಕ್ಕೇ ಅಲ್ಲ, ಅದೇ ಪ್ಲಾಸ್ಮಿಡ್‌ನಲ್ಲಿ ಕೂತ ಸಲ್ಫಾ, ಆಂಪಿಸಿಲಿನ್ ನಿರೋಧವೂ, ಅಂದರೆ ಆ ಮದ್ದುಗಳಿಗೆ ಜಗ್ಗದ ಗುಣವೂ, ಬೆಳೆಯಬಹುದು. ಒಂದು ಮದ್ದಿನ ಬಳಕೆ ಬೇರೆ ಮದ್ದುಗಳ ಬಲವನ್ನೂ ತಿನ್ನುತ್ತದೆ. ಈ ಒಂದು ಸಂಗತಿ ಪ್ರತಿಯೊಂದು ಪಶು ಔಷಧಿ ಅಂಗಡಿಯ ಗೋಡೆಯ ಮೇಲೆ ಬರೆದಿರಬೇಕು ಎಂಬುದು ನನ್ನ ಅನಿಸಿಕೆ.

ಆಸ್ಪತ್ರೆಗೆ ಸೇರಿದ ಕುದುರೆಗಳ ಲದ್ದಿಯಲ್ಲಿ ನಿರೋಧ ಹೊಂದಿದ ಇ. ಕೋಲೈ, ಮನೆಯಲ್ಲೇ ಇದ್ದ ಕುದುರೆಗಳಿಗಿಂತ ಹೆಚ್ಚು. ಅಲ್ಲಿ ಆಂಟಿಬಯೋಟಿಕ್ ಪಡೆಯದ ಕುದುರೆಗಳಲ್ಲೂ ಹೆಚ್ಚು ಎಂದು ಅಮೆರಿಕದ ಅಧ್ಯಯನವೊಂದು ಕಂಡುಕೊಂಡಿದೆ. ಜಾಗ ಬದಲಾದರೂ ಸಾಕು.

ಮನುಷ್ಯರಲ್ಲೂ ಅಷ್ಟೇ. ನೆದರ್ಲೆಂಡ್ಸಿನ ಸಂಶೋಧಕರು ಪ್ರವಾಸ ಹೋಗಿ ಬಂದವರ ಮಲ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಕ್ಷಿಣ ಏಷ್ಯಾಕ್ಕೆ, ಅಂದರೆ ನಮ್ಮ ಕಡೆಗೆ, ಬಂದು ಹೋದ ನಾಲ್ವರಲ್ಲಿ ಮೂವರು ಇಎಸ್‌ಬಿಎಲ್ ಬ್ಯಾಕ್ಟೀರಿಯಾವನ್ನು ಹೊಟ್ಟೆಯಲ್ಲಿಟ್ಟುಕೊಂಡು ಊರಿಗೆ ಮರಳಿದ್ದರು. ಪ್ರವಾಸಕ್ಕೆ ಹೊರಡುವ ಮುನ್ನ ಅವರಲ್ಲಿ ಅದು ಇರಲಿಲ್ಲ. ಅವರು ಬಂದದ್ದು ಕೆಲವೇ ದಿನಕ್ಕೆ. ನಾವು ಇಲ್ಲೇ ಇರುವವರು.

ನಿರೋಧ ಎನ್ನುವುದು ಔಷಧಕ್ಕಿಂತ ಹಳೆಯದು. ಮೊದಲ ರೋಗಿಗೆ ಪೆನಿಸಿಲಿನ್ ಚುಚ್ಚಿದ್ದು 1941ರ ಫೆಬ್ರವರಿಯಲ್ಲಿ. ಅದಕ್ಕೂ ಮುಂಚೆ, 1940ರ ಡಿಸೆಂಬರಿನಲ್ಲೇ, ಪೆನಿಸಿಲಿನ್ ನಾಶಮಾಡುವ ಕಿಣ್ವ ಇ. ಕೋಲೈಯಲ್ಲಿದೆ ಎಂದು ಎಡ್ವರ್ಡ್ ಅಬ್ರಹಾಂ ಮತ್ತು ಅರ್ನ್‌ಸ್ಟ್ ಚೈನ್ ವರದಿ ಮಾಡಿದ್ದರು. ಕೆನಡಾದ ಯೂಕಾನ್ ಪ್ರದೇಶದ ಸುಮಾರು 30,000 ವರ್ಷ ಹಳೆಯ ಹೆಪ್ಪುಗಟ್ಟಿದ ಮಣ್ಣಿನಲ್ಲಿ ಬೀಟಾ-ಲ್ಯಾಕ್ಟಮ್, ಟೆಟ್ರಾಸೈಕ್ಲಿನ್, ವ್ಯಾಂಕೊಮೈಸಿನ್‌ಗಳನ್ನು ಎದುರಿಸುವ ಜೀನ್‌ಗಳು ಸಿಕ್ಕವು ಎಂದು 2011ರಲ್ಲಿ ಪ್ರಕಟವಾಯಿತು. ಆ ಮಣ್ಣಿನಲ್ಲೇ ಆ ಕಾಲದ ದೈತ್ಯ ಆನೆ, ಕಾಡುಕೋಣ, ಕುದುರೆಗಳ ಡಿಎನ್ಎ ಕೂಡ ಇತ್ತು. ಮಣ್ಣಿನ ಜೀವಿಗಳು ತಮ್ಮತಮ್ಮೊಳಗೆ ಬಡಿದಾಡಲು ಆಂಟಿಬಯೋಟಿಕ್ ಸುರಿಸುತ್ತವೆ, ಅದರಿಂದ ಪಾರಾಗಲು ನಿರೋಧ ಕಟ್ಟಿಕೊಳ್ಳುತ್ತವೆ. ಆ ಅಪರೂಪದ ಗುಣವನ್ನು ಊರೂರಿನ ಕೊಟ್ಟಿಗೆಯ ಮಾಮೂಲಿ ಮಾಡಿದ್ದು ಮಾತ್ರ ನಾವು, ಕಳೆದ ಎಂಬತ್ತು ವರ್ಷದಲ್ಲಿ.

ಮೇವಿಗೆ ಮದ್ದು ಬೆರೆತ ಕಥೆ

1948ರಲ್ಲಿ ಅಮೆರಿಕದ ಲೆಡರ್ಲೆ ಸಂಸ್ಥೆಯಿಂದ ಆರಿಯೋಮೈಸಿನ್ ಹೊರಬಂತು, ಟೆಟ್ರಾಸೈಕ್ಲಿನ್ ಕುಟುಂಬದ ಮೊದಲ ಮದ್ದು. ಅಲ್ಲಿನ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ನಮ್ಮ ನೆರೆಯ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. ಮದ್ದು ತೆಗೆದು ಉಳಿದ ಚರಟವನ್ನು ಕೋಳಿಮರಿಗಳಿಗೆ ತಿನ್ನಿಸಿ ನೋಡಿದಾಗ ಅವು ಬೇಗ ಬೆಳೆದವು. ಅಲ್ಲಿಂದ ಲೋಕದೆಲ್ಲೆಡೆ ಕೋಳಿ, ಹಂದಿ, ದನದ ಆಹಾರಕ್ಕೆ ರೋಗವಿಲ್ಲದಿದ್ದರೂ ಆಂಟಿಬಯೋಟಿಕ್ ಬೆರೆಸುವ ರೂಢಿ ಬಂತು.

ಇದು ಸರಿಯಲ್ಲ ಎಂದು ಬ್ರಿಟನ್ನಿನ ಸ್ವಾನ್ ಸಮಿತಿ 1969ರಲ್ಲೇ ಹೇಳಿತ್ತು. ಬೆಳವಣಿಗೆಗೆಂದು ಬೆರೆಸುವುದನ್ನು ಮೊದಲು ನಿಷೇಧಿಸಿದ ದೇಶ ಸ್ವೀಡನ್, 1986ರಲ್ಲಿ. ಇಡೀ ಯುರೋಪಿಯನ್ ಒಕ್ಕೂಟ ಆ ಹೆಜ್ಜೆ ಇಟ್ಟದ್ದು 2006ರಲ್ಲಿ.

ಕೊಲಿಸ್ಟಿನ್ ಎಂಬ ಮದ್ದು ನೆನಪಿಡಿ. ಬೇರೆ ಯಾವುದಕ್ಕೂ ಬಗ್ಗದ ಸೋಂಕಿಗೆ ಐಸಿಯುಗಳಲ್ಲಿ ಕೊನೆಯ ಆಸರೆಯಾಗಿ ಕೊಡುವಂಥದ್ದು. ಅದನ್ನೇ ಕೋಳಿ ಆಹಾರಕ್ಕೆ ಬೆರೆಸಲಾಗುತ್ತಿತ್ತು. ಕೊಲಿಸ್ಟಿನ್ ನಿರೋಧದ ಜೀನ್ ಪ್ಲಾಸ್ಮಿಡ್ ಏರಿ ಬ್ಯಾಕ್ಟೀರಿಯಾದಿಂದ ಬ್ಯಾಕ್ಟೀರಿಯಾಕ್ಕೆ ಹಾರುತ್ತಿದೆ ಎಂದು 2015ರ ನವೆಂಬರಿನಲ್ಲಿ ಚೀನಾದಿಂದ ಸುದ್ದಿ ಬಂತು. ಜೀನಿನ ಹೆಸರು ಎಂಸಿಆರ್-1. ಮೊದಲು ಸಿಕ್ಕಿದ್ದು ಹಂದಿಯ ಇ. ಕೋಲೈಯಲ್ಲಿ. ಭಾರತ ಸರ್ಕಾರ 2019ರ ಜುಲೈಯಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿ, ಮೀನು ಮತ್ತು ಮೇವಿನಲ್ಲಿ ಕೊಲಿಸ್ಟಿನ್ ಬಳಕೆಗೆ ತಡೆ ಹಾಕಿತು. ಒಳ್ಳೆಯ ಕೆಲಸ. ಹತ್ತು ವರ್ಷ ಮೊದಲೇ ಆಗಿದ್ದರೆ ಇನ್ನೂ ಒಳ್ಳೆಯದಿತ್ತು.

ಹಾಲು ಹೆಪ್ಪುಗಟ್ಟದಿದ್ದರೆ

ಇನ್ನು ಕುದುರೆಯ ಪಕ್ಕದಲ್ಲೇ ಕಟ್ಟಿದ ದನದ ಮಾತು. ಕೆಚ್ಚಲು ಬಾವಿಗೆ ಆಂಟಿಬಯೋಟಿಕ್ ಟ್ಯೂಬ್ ಹಾಕಿಸಿದ ಹಸುವಿನ ಹಾಲಿಗೆ ಹೆಪ್ಪು ಹಾಕಿ ನೋಡಿ. ಎಷ್ಟು ಹೊತ್ತಾದರೂ ಮೊಸರಾಗದೆ ನೀರುನೀರಾಗಿ ಉಳಿದರೆ, ಹೆಪ್ಪಿನ ದೋಷವೋ ಚಳಿಯ ದೋಷವೋ ಎಂದು ಬಿಟ್ಟುಬಿಡಬೇಡಿ. ಹಾಲಿನಲ್ಲಿ ಉಳಿದ ಮದ್ದು ಹೆಪ್ಪಿನ ಬ್ಯಾಕ್ಟೀರಿಯಾವನ್ನು ಕೊಂದಿರಬಹುದು. ಇದೇ ತತ್ವದ ಮೇಲೆ ಹಾಲಿನ ಡೇರಿಗಳಲ್ಲಿ ಪರೀಕ್ಷೆ ನಡೆಯುತ್ತದೆ. ಮದ್ದಿಗೆ ಬೇಗ ಸಾಯುವ ಬ್ಯಾಕ್ಟೀರಿಯಾವನ್ನು ಹಾಲಿನ ಮಾದರಿಗೆ ಬಿಟ್ಟು ಬಣ್ಣ ಬದಲಾಗುತ್ತದೋ ಇಲ್ಲವೋ ಎಂದು ನೋಡುತ್ತಾರೆ.

ಕಾಯಿಸಿದರೆ ಹಾಲಿನಲ್ಲಿರುವ ಬ್ಯಾಕ್ಟೀರಿಯಾ ಸಾಯುತ್ತವೆ, ನಿರೋಧ ಇದ್ದವೂ ಸಾಯುತ್ತವೆ. ಆದರೆ ಹಾಲಿಗೆ ಬೆರೆತ ಔಷಧದ ಅಂಶ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ಎರಡೂ ಬೇರೆ ಬೇರೆ ಸಮಸ್ಯೆ, ಜನ ಒಂದೇ ಎಂದುಕೊಳ್ಳುತ್ತಾರೆ.

ಔಷಧದ ಡಬ್ಬಿಯ ಮೇಲೆ ಎಷ್ಟು ದಿನ ಹಾಲು, ಮಾಂಸ ಬಳಸಬಾರದು ಎಂದು ಬರೆದಿರಬೇಕೆಂದು 2012ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿತು. ಔಷಧಕ್ಕೆ ಪ್ರತ್ಯೇಕ ಅವಧಿ ಗೊತ್ತುಪಡಿಸದಿದ್ದರೆ ಹಾಲು, ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ.

ಕೆಚ್ಚಲು ಬಾವಿಗೆ ಬೇರೆ ದಾರಿಯೂ ಇದೆ. ಬೆಂಗಳೂರಿನ ಟಿಡಿಯು ವಿಶ್ವವಿದ್ಯಾಲಯ ಮತ್ತು ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿ ಹಳ್ಳಿಗಳಲ್ಲಿ ಹಬ್ಬಿಸುತ್ತಿರುವ ನಾಟಿ ಮದ್ದು: ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ. ರುಬ್ಬಿದರೆ ಕೆಂಪು ಲೇಪವಾಗುತ್ತದೆ. ಕೆಚ್ಚಲು ತೊಳೆದು, ಹಾಲು ಪೂರ್ತಿ ಹಿಂಡಿ ತೆಗೆದು, ಲೇಪವನ್ನು ನೀರಿನಲ್ಲಿ ತೆಳ್ಳಗೆ ಮಾಡಿ ದಿನಕ್ಕೆ ಹಲವು ಸಲ, ಐದು ದಿನ ಹಚ್ಚಬೇಕು. ಮೊದಲ ಹಂತದಲ್ಲೇ ಹಚ್ಚಿದರೆ ಎಷ್ಟೋ ಕಡೆ ಆಂಟಿಬಯೋಟಿಕ್ ಇಲ್ಲದೆ ದಾಟಿಕೊಳ್ಳಬಹುದು. ಹಸುವಿಗೆ ಜ್ವರ ಬಂದರೆ, ಮೇವು ಬಿಟ್ಟರೆ ಕಾಯಬಾರದು, ಡಾಕ್ಟರನ್ನು ಕರೆಯಲೇಬೇಕು.

ಆಂಟಿಬಯೋಟಿಕ್ ನಾಟದ ಕಾಯಿಲೆಗಳೂ ಇವೆ. 2022ರಲ್ಲಿ ರಾಜ್ಯದ ದನಗಳನ್ನು ಕಾಡಿದ ಚರ್ಮಗಂಟು ರೋಗ ವೈರಸ್‌ನಿಂದ ಬರುವಂಥದ್ದು. ಕಾಲುಬಾಯಿ ಜ್ವರವೂ ವೈರಸ್. ಆಂಟಿಬಯೋಟಿಕ್ ವೈರಸ್ಸನ್ನು ಮುಟ್ಟುವುದಿಲ್ಲ. ಗಂಟು ಒಡೆದು ಗಾಯ ಕೀವಾದಾಗ ಮಾತ್ರ ಅದಕ್ಕೆ ಕೆಲಸ. (ಕುದುರೆಗೆ ಕಾಲುಬಾಯಿ ಜ್ವರ ಬರುವುದೇ ಇಲ್ಲ. ಗೊರಸು ಸೀಳಿದ ಪ್ರಾಣಿಗಳ ರೋಗ ಅದು.)

ತೂಕ ಅಂದಾಜಲ್ಲ, ಅಳತೆ

ಕಡಿಮೆ ಪ್ರಮಾಣದ ಮದ್ದು ಕೊಟ್ಟರೆ ಬ್ಯಾಕ್ಟೀರಿಯಾ ಸಾಯುವ ಬದಲು ಗಟ್ಟಿಯಾಗುತ್ತವೆ ಎಂದು ಎಚ್ಚರಿಸಿದವರು ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್. ಅದೂ 1945ರ ಡಿಸೆಂಬರಿನಲ್ಲಿ, ನೊಬೆಲ್ ಪುರಸ್ಕಾರ ಪಡೆದಾಗ ಮಾಡಿದ ಭಾಷಣದಲ್ಲೇ.

ಕುದುರೆಗೆ ಎಷ್ಟು ಮದ್ದು ಎಂಬುದು ಅದರ ತೂಕದ ಮೇಲೆ. ಹಳ್ಳಿಯಲ್ಲಿ ಕುದುರೆ ತೂಗುವ ತಕ್ಕಡಿ ಎಲ್ಲಿಂದ ತರಬೇಕು? ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆಯಿರಿ. ಭುಜದ ಮುಂತುದಿಯಿಂದ ಪಿರ್ರೆಯ ಹಿಂತುದಿಯವರೆಗೆ ಉದ್ದ ತೆಗೆಯಿರಿ. ಎರಡೂ ಸೆಂಟಿಮೀಟರಿನಲ್ಲಿರಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 160, ಉದ್ದ 150 ಇದ್ದರೆ ಕುದುರೆ ಸುಮಾರು 323 ಕಿಲೋ. ಕಣ್ಣಳತೆಯಲ್ಲಿ ಅದನ್ನು ಇನ್ನೂರೈವತ್ತು ಎಂದುಕೊಂಡು ಮದ್ದು ಕೊಟ್ಟರೆ ಕಾಲು ಭಾಗದಷ್ಟು ಕಡಿಮೆಯಾಯಿತು. ಕುರಿಗಾರರ ಹುಡುಗರು ಫೋನಿನ ಕ್ಯಾಲ್ಕುಲೇಟರಿನಲ್ಲಿ ಇದನ್ನು ಅರೆನಿಮಿಷದಲ್ಲಿ ಮಾಡಿಬಿಡುತ್ತಾರೆ.

ತಿಪ್ಪೆ, ಹೊಲ, ಹಳೆಯ ಹೊತ್ತಗೆ

ಪ್ರಾಣಿಗೆ ಕೊಟ್ಟ ಟೆಟ್ರಾಸೈಕ್ಲಿನ್‌ನಲ್ಲಿ ದೊಡ್ಡ ಪಾಲು ಮೂತ್ರ, ಸಗಣಿಯಲ್ಲಿ ಹಾಗೆಯೇ ಹೊರಬೀಳುತ್ತದೆ. ಹಸಿ ಲದ್ದಿ, ಹಸಿ ಸಗಣಿ ನೇರ ಹೊಲಕ್ಕೆ ಹೋದರೆ ಮದ್ದೂ ಹೋಯಿತು, ಮದ್ದಿಗೆ ಜಗ್ಗದ ಜೀವಿಯೂ ಹೋಯಿತು. ಕೊತ್ತಂಬರಿ, ಮೆಂತ್ಯ, ಉಳ್ಳಾಗಡ್ಡಿ ತಪ್ಪಲು ಹಸಿಯಾಗಿ ತಿನ್ನುವವರು ನಾವು. ಇಂಡಿ ಲಿಂಬೆ ಜಿ.ಐ. (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ಬೆಳೆ. ಅದರ ತೋಟಕ್ಕೂ, ಜೋಳದ ಕರಿಮಣ್ಣಿಗೂ ಕೊಟ್ಟಿಗೆ ಗೊಬ್ಬರವೇ ಜೀವ. ಗೊಬ್ಬರ ಬಿಡಿ ಎಂದು ಹೇಳುವುದು ತಪ್ಪು.

ಮಾಡಬೇಕಾದ್ದು ಇಷ್ಟೇ: ಕೊಳೆಸಿ ಹಾಕುವುದು. ಸರಿಯಾಗಿ ಒಟ್ಟಿದ ತಿಪ್ಪೆಯ ಒಡಲು 55 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಕಾವಿನಲ್ಲಿ ಕೆಲವು ದಿನ ಇದ್ದರೆ ಇ. ಕೋಲೈ ಬಹುಮಟ್ಟಿಗೆ ಸಾಯುತ್ತದೆ. ಆದರೆ ಅಂಚಿನಲ್ಲಿರುವುದಕ್ಕೆ ಆ ಕಾವು ತಟ್ಟುವುದಿಲ್ಲ. ಅದಕ್ಕೇ ತಿಪ್ಪೆಯನ್ನು ಆಗಾಗ ಕೆದರಿ ಹೊರಗಿನದನ್ನು ಒಳಗೆ ಹಾಕಬೇಕು, ಬೇಸಿಗೆಯಲ್ಲಿ ಒಂದಿಷ್ಟು ನೀರು ಚಿಮುಕಿಸಬೇಕು. ನಿರೋಧದ ಜೀನ್‌ಗಳು ಪೂರ್ತಿ ಅಳಿಯುವುದಿಲ್ಲ, ಕಡಿಮೆಯಾಗುತ್ತವೆ.

ಲದ್ದಿಯೊಂದಿಗೆ ಮಣ್ಣಿಗೆ ಸೇರುವುದು ಇ. ಕೋಲೈ ಒಂದೇ ಅಲ್ಲ. ಧನುರ್ವಾಯು ತರುವ ಬ್ಯಾಕ್ಟೀರಿಯಾ ಆರೋಗ್ಯವಂತ ಕುದುರೆಯ ಕರುಳಲ್ಲಿ ಇರಬಲ್ಲದು, ಅದರ ಬೀಜಕಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಆ ರೋಗಕ್ಕೆ ಅತಿ ಬೇಗ ಬಲಿಯಾಗುವ ಸಾಕುಪ್ರಾಣಿಯೂ ಕುದುರೆಯೇ. ನಾಲು ಬಡಿಯುವಾಗ ಮೊಳೆ ತಪ್ಪಿ ಚುಚ್ಚಿದ ಗಾಯ ಸಾಕು. ಕುದುರೆಗೆ ಧನುರ್ವಾಯು ಲಸಿಕೆ ಇದೆ, ಹಾಕಿಸಿ. ರೋಗ ಬಾರದಂತೆ ತಡೆದ ಪ್ರತಿ ಲಸಿಕೆಯೂ ಉಳಿಸಿದ ಆಂಟಿಬಯೋಟಿಕ್.



ಜಾನುವಾರು ಆರೈಕೆಯ ವಿದ್ಯೆ ನಮ್ಮಲ್ಲಿ ಹೊಸದಲ್ಲ. ಕನ್ನಡದಲ್ಲಿ ಪಶುವೈದ್ಯ ಗ್ರಂಥ ಬರೆದ ಮೊದಲಿಗರಲ್ಲಿ ಒಬ್ಬ ಚಾಲುಕ್ಯ ರಾಜಕುಮಾರ. ಕೀರ್ತಿವರ್ಮನ ‘ಗೋವೈದ್ಯ’ 12ನೇ ಶತಮಾನದ್ದು. ಸುಮಾರು 1400ರ ಹೊತ್ತಿಗೆ ಅಭಿನವಚಂದ್ರ ಕುದುರೆ ವೈದ್ಯದ ಮೇಲೆಯೇ ಗ್ರಂಥ ಬರೆದ.

ಬೆಂಗಳೂರಿನ ಹೆಬ್ಬಾಳದಲ್ಲಿ ಜಾನುವಾರುಗಳ ಲಸಿಕೆ, ಸೀರಂ ತಯಾರಿಕೆ 1925ರಲ್ಲೇ ಶುರುವಾಯಿತು. ಯಲಹಂಕದಲ್ಲಿರುವ ನಿವೇದಿ ಎಂಬ ಕೇಂದ್ರ ಸಂಸ್ಥೆ ಇಡೀ ದೇಶದ ಜಾನುವಾರು ರೋಗಗಳ ಲೆಕ್ಕ ಇಡುತ್ತದೆ. ಕುದುರೆಗಳಿಗೆಂದೇ ಹರಿಯಾಣದ ಹಿಸಾರ್‌ನಲ್ಲಿ 1985ರಿಂದ ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ. ಪ್ರಾಣಿ, ಮೀನುಗಳಲ್ಲಿ ನಿರೋಧ ಎಷ್ಟು ಹಬ್ಬಿದೆ ಎಂದು ನೋಡಲು ‘ಇನ್‌ಫಾರ್’ ಎಂಬ ಪ್ರಯೋಗಾಲಯಗಳ ಜಾಲವನ್ನು ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ವಿಶ್ವಸಂಸ್ಥೆಯ ಆಹಾರ ಸಂಘಟನೆಯ ಜೊತೆಗೂಡಿ ಕಟ್ಟಿದೆ. ಕುರಿಗಾರರ ಗಿಡ್ಡ ಕುದುರೆಗೂ ಇಂಥ ಲೆಕ್ಕದಲ್ಲಿ ಜಾಗ ಸಿಗಬೇಕೆಂಬುದು ನನ್ನ ಆಸೆ. ಅದು ಒಂದೇ ವರ್ಷದಲ್ಲಿ ಎಷ್ಟು ತಾಲ್ಲೂಕಿನ ನೀರು ಕುಡಿಯುತ್ತದೆ, ಎಷ್ಟು ಹೊಲದಲ್ಲಿ ಲದ್ದಿ ಹಾಕುತ್ತದೆ!

ಆರು ಮಿಲಿಮೀಟರಿನ ಬಿಲ್ಲೆ

ಯಾವ ಮದ್ದು ನಾಟುತ್ತದೆ ಎಂದು ತಿಳಿಯುವ ಪರೀಕ್ಷೆ ಕಣ್ಣಾರೆ ನೋಡುವಂಥದ್ದು. ಕಾಗದದ ಪುಟ್ಟ ಬಿಲ್ಲೆಗಳು, ಅಡ್ಡಳತೆ 6 ಮಿಲಿಮೀಟರ್, ಒಂದೊಂದಕ್ಕೂ ಒಂದೊಂದು ಆಂಟಿಬಯೋಟಿಕ್ ತೊಯ್ಸಿರುತ್ತದೆ. ಲದ್ದಿಯಿಂದಲೋ ಕೀವಿನಿಂದಲೋ ಬೆಳೆಸಿದ ಬ್ಯಾಕ್ಟೀರಿಯಾವನ್ನು ತಿಳಿಹಳದಿ ಅಗರ್ ತಟ್ಟೆಯ ಮೇಲೆ ಹತ್ತಿಯಿಂದ ಒಂದೇ ಸಮನೆ ಸವರಿ, ಬಿಲ್ಲೆಗಳನ್ನು ಅಂತರ ಬಿಟ್ಟು ಇಟ್ಟು, 35 ಡಿಗ್ರಿಯಲ್ಲಿ 16ರಿಂದ 18 ಗಂಟೆ ಬಿಡುತ್ತಾರೆ. ಬೆಳಗಾಗುವಷ್ಟರಲ್ಲಿ ತಟ್ಟೆಯ ತುಂಬ ಮಬ್ಬು ಪೊರೆ ಬೆಳೆದಿರುತ್ತದೆ. ಮದ್ದು ನಾಟಿದ ಬಿಲ್ಲೆಯ ಸುತ್ತ ಮಾತ್ರ ತಿಳಿಯಾದ ವೃತ್ತ. ಅದನ್ನು ಅಳತೆಪಟ್ಟಿಯಿಂದ ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಜಗ್ಗದ ತಳಿಯಾದರೆ ಪೊರೆ ಬಿಲ್ಲೆಯ ಅಂಚಿಗೇ ತಾಗಿ ನಿಂತಿರುತ್ತದೆ. 1966ರಲ್ಲಿ ಕರ್ಬಿ, ಬಾವರ್ ಮತ್ತು ಸಂಗಡಿಗರು ಕ್ರಮಬದ್ಧಗೊಳಿಸಿದ ಈ ವಿಧಾನ ಇಂದಿಗೂ ಎಲ್ಲ ಕಡೆ ನಡೆಯುತ್ತಿದೆ.

ಆಂಟಿಬಯೋಟಿಕ್ ಚುಚ್ಚಿದ ಮೇಲೆ ತೆಗೆದ ಮಾದರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯದೇ ಹೋಗಬಹುದು, ಪರೀಕ್ಷೆ ವ್ಯರ್ಥ. ಹಾಗಾಗಿ ಮೊದಲು ಮಾದರಿ, ಆಮೇಲೆ ಇಂಜೆಕ್ಷನ್. ಕೀವಾದರೆ ಶುದ್ಧ ಹತ್ತಿಕಡ್ಡಿಯಲ್ಲಿ, ಹಾಲಾದರೆ ಮೊದಲ ನಾಲ್ಕಾರು ಧಾರೆ ನೆಲಕ್ಕೆ ಬಿಟ್ಟು ಮೊಲೆತುದಿ ಒರೆಸಿ ಶುದ್ಧ ಸೀಸೆಯಲ್ಲಿ, ಲದ್ದಿಯಾದರೆ ನೆಲ ತಾಗದ ಭಾಗದಿಂದ ಹಿಡಿಯಷ್ಟು ತೆಗೆದು, ತಂಪಾಗಿಟ್ಟು ಅದೇ ದಿನ ತಲುಪಿಸಬೇಕು. ಡಾಕ್ಟರು ಊರಿಗೇ ಬರಬೇಕೆಂದರೆ ಸರ್ಕಾರದ ಸಂಚಾರಿ ಪಶು ಚಿಕಿತ್ಸಾ ವಾಹನದ ಸಹಾಯವಾಣಿ 1962.